ಸೊಪ್ಪು ಹಿಡಿದು ಹೊಸಿಲಲ್ಲಿ ನಿಂತ ಅತ್ತೆ

ಭಾನುವಾರ, ಬೆಳಿಗ್ಗೆ ಆರೂವರೆ. ಅತ್ತೆಯ ಬಗ್ಗೆ ಬರೆಯಲು ಕೂತಿದ್ದೇನೆ.

ಅತ್ತೆಯ ಹೆಬ್ಬೆರಳಿನ ಉಗುರಿನ ಸುತ್ತ ಹಿಪ್ಪುನೇರಳೆ ಸೊಪ್ಪಿನ ಹಾಲು ಕಪ್ಪಗೆ ಕಟ್ಟಿರುತ್ತಿತ್ತು. ಹುಣಸೆಹಣ್ಣು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಮಾತಾಡುತ್ತಿದ್ದರು. ಅವರು ನನ್ನ ತಂದೆಯ ಅಕ್ಕ. ಮಾಂಬಳ್ಳಿಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು.

ಸೊಪ್ಪು ಕೊಯ್ದು ತರುವುದು ಅತ್ತೆ, ಹುಳು ನೋಡುವುದು ಮಾವ. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಆಗ ಸೊಪ್ಪು ಹಾಕುವಂತಿಲ್ಲ. ಹುಳು ಜ್ವರದಿಂದ ಎದ್ದ ಮೇಲೆ ತಡಮಾಡುವಂತಿಲ್ಲ. ಮಾವ ಹುಳುವಿನ ತಟ್ಟೆಗಳನ್ನೆಲ್ಲ ಬಗ್ಗಿ ನೋಡಿ "ಎದ್ದವೆ, ಆಕು" ಅನ್ನುವವರೆಗೆ ಅತ್ತೆ ಸೊಪ್ಪಿನ ಮಂಕರಿ ಹಿಡಿದು ಹುಳುಮನೆಯ ಹೊಸಿಲಲ್ಲಿ ನಿಲ್ಲುತ್ತಿದ್ದರು. "ನಾನೇನು ಇವರ ಮನೆ ಜೀತ್ದೋಳಾ" ಎಂದು ನನ್ನ ಕಡೆ ತಿರುಗಿ ಗೊಣಗುತ್ತಿದ್ದರು. ಮಾವ ಒಳಗಿಂದಲೇ ನಗುತ್ತಿದ್ದರು.

ಕಳೆದ ವರ್ಷ ಮಾವ ಎದೆನೋವು ಬಂದು ತೋಟದಲ್ಲೇ ತೀರಿಕೊಂಡರು. ತಿಥಿಯೆಲ್ಲ ಮುಗಿದ ಮೇಲೆ ಅತ್ತೆ ಹೊಸ ಮರಿಹುಳು ತಂದರು. ಅವು ನಾಲ್ಕನೇ ಜ್ವರದಿಂದ ಎದ್ದದ್ದು, ನನ್ನ ದಿನಚರಿಯ ಪ್ರಕಾರ, ಒಂದು ಗುರುವಾರ. ನಾನು ಕೊಳ್ಳೇಗಾಲದಿಂದ ಹೋಗಿ ತಲುಪಿದಾಗ ಮಧ್ಯಾಹ್ನವಾಗಿತ್ತು. ಅತ್ತೆ ಹೊಸಿಲಲ್ಲಿ ನಿಂತಿದ್ದರು. ಮಂಕರಿಯ ಸೊಪ್ಪು ಬಾಡಿತ್ತು. ಒಳಗೆ ಹುಳುಗಳು ಹಸಿದು ತಟ್ಟೆಯ ಅಂಚಿಗೆ ಹರಿದು ಬರುತ್ತಿದ್ದವು. ರಾಮಾಪುರದಿಂದ ಬಂದಿದ್ದ ಮಾವನ ತಮ್ಮ, ಯಾಕೆ ಇನ್ನೂ ಹಾಕಿಲ್ಲವೆಂದು ಕೇಳಿದರು.

"ಅವರಿನ್ನೂ ಯೋಳ್ನಿಲ್ಲ ಕಣಪ್ಪ" ಅಂದರು ಅತ್ತೆ. ಅಂದ ಮೇಲೆ ಅವರಿಗೇ ಅರ್ಥವಾಗಿ ಮುಖ ಬಿಳಿಚಿಕೊಂಡಿತು.

ಆ ಬೆಳೆ ಕೈಕೊಟ್ಟಿತು. ಸತ್ತ ಅಣ್ಣ ಅತ್ತಿಗೆಯನ್ನು ಹಿಡಿದುಕೊಂಡಿದ್ದಾನೆ, ಹುಳುಮನೆ ಮುಚ್ಚಿಸಿ ರಾಮಾಪುರಕ್ಕೆ ಕರೆದೊಯ್ದು ಬಿಡಿಸುತ್ತೇನೆ ಎಂದು ಮಾವನ ತಮ್ಮ ಪಟ್ಟು ಹಿಡಿದರು. ಅತ್ತೆ ನನ್ನನ್ನು ಹಿತ್ತಿಲಿಗೆ ಕರೆದರು.

"ನಂಗೆ ತಲೆ ಕೆಟ್ಟದಾ ಮಗ? ನಿಜ ಯೋಳು."

ನಾನು ಅವರನ್ನು ಕೊಳ್ಳೇಗಾಲದ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಅವರು ಎಲ್ಲ ಕೇಳಿಸಿಕೊಂಡು, ತಲೆ ಕೆಟ್ಟಿಲ್ಲ ಅಂದರು. ಮಾವ ಇಲ್ಲವೆಂದು ಅತ್ತೆಗೆ ಗೊತ್ತು. ಆದರೆ ಅಷ್ಟು ವರ್ಷ ಆ ದನಿಗೆ ಕಾದು ರೂಢಿಯಾದ ಮೆದುಳು ಈಗಲೂ ಕಾಯುತ್ತದೆ. ಪ್ರತಿಸಲ ಕಾದು, ಪ್ರತಿಸಲ ಸಿಗದೆ, ಅದು ನಿಧಾನವಾಗಿ ಕಲಿಯಬೇಕು. ಮರೆವು, ನಿದ್ದೆ ಬಾರದಿರುವುದು ಎಲ್ಲ ದುಃಖದ ಜೊತೆಗೇ ಬರುವಂಥವು ಎಂದು ಬಿಡಿಸಿ ಹೇಳಿದರು.

ಸಮಾಧಾನವಾಯಿತೆಂದುಕೊಂಡು ನಾನು ಎದ್ದೆ. ಅತ್ತೆ ಏಳಲಿಲ್ಲ.

"ಅದು ಕಲ್ತುಬುಟ್ರೆ, ಕಿವೀಲಿರೋ ಅವರ ದನೀನೂ ಓಗ್ಬುಡ್ತದಾ ಸಾ?"

ಡಾಕ್ಟರು, ಎಲ್ಲರಿಗೂ ಒಂದೇ ಥರ ಆಗುವುದಿಲ್ಲ ಅಂದರು.

ಅತ್ತೆ ರಾಮಾಪುರಕ್ಕೆ ಹೋಗಲಿಲ್ಲ. ಮುಂದಿನ ಬೆಳೆಯಲ್ಲಿ ಹೊಸಿಲ ಮೇಲೆ ತುಸು ನಿಂತು, ಆಮೇಲೆ ತಾವೇ ಒಳಗೆ ಹೋಗಿ ಬಗ್ಗಿ ನೋಡಿದರು. ಅದರ ಮುಂದಿನ ಬೆಳೆಯಲ್ಲಿ ನಿಲ್ಲಲೇ ಇಲ್ಲ. ಗೂಡು ಚೆನ್ನಾಗಿ ಬಂತು. ಮಾವನ ತಮ್ಮನೂ ಸೇರಿ ಎಲ್ಲರೂ, ಅವರು ಸುಧಾರಿಸಿಕೊಂಡರು ಅಂದರು. ಗೂಡು ಬಿಡಿಸುತ್ತ ಅತ್ತೆ ನನಗಷ್ಟೇ ಕೇಳುವಂತೆ, "ಈಗ ಅವರ ದನಿ ಕೇಳಾಕಿಲ್ಲ ಕಣ್ ಮಗ" ಅಂದು, ಮತ್ತೆ ಕೆಲಸಕ್ಕೆ ಬಗ್ಗಿದರು.

ಈ ಬೇಸಿಗೆಯಲ್ಲಿ ಅತ್ತೆಯೂ ಹೋದರು.

ಮೆದುಳು ಕಲಿತ ಮೇಲೆ ಹೋದ ದನಿ ಮತ್ತೆ ಎಂದಾದರೂ ಬರುತ್ತದೆಯೇ? ತಮ್ಮವರನ್ನು ಕಳೆದುಕೊಂಡು ಬಹಳ ವರ್ಷವಾದವರಿಗೆ ಗೊತ್ತಿರಬಹುದು. ದಯವಿಟ್ಟು ನನಗೆ ಬರೆದು ತಿಳಿಸಿ. ಅತ್ತೆಯ ದನಿ ನನಗೆ ಇನ್ನೂ ಕೇಳುತ್ತಿದೆ. ಅದು ಇರುವಾಗಲೇ ತಿಳಿದುಕೊಳ್ಳಬೇಕು.