ಉಪವಾಸ ಬಿಡಿಸಿದ ಆಪಾ

ಇವತ್ತು ಒಲೆಯ ಮೇಲೆ ಪುಂಡಿಪಲ್ಯ ಕುದಿಯುವಾಗ ಆ ಹುಳಿ ವಾಸನೆಗೆ ಖೈರುನ್ನಿಸಾ ಆಪಾ ನೆನಪಾದರು. ಅವರ ಕೈಯ ಪಲ್ಯ ತಿಂದವರು ಯಾರೂ ಒಂದೇ ರೊಟ್ಟಿಗೆ ಏಳುತ್ತಿರಲಿಲ್ಲ, ಬಿಡಿ. ಎಪ್ಪತ್ತರ ದಶಕದ ಮಾತು. ನಾನು ವಾಡಿಯಿಂದ ರೈಲು ಹತ್ತಿ, ನಾಲವಾರದಲ್ಲಿ ಇಳಿದು, ಎರಡು ಮೈಲಿ ನಡೆದು ಒಂದು ಸಣ್ಣ ಹಳ್ಳಿಯ ಶಾಲೆಗೆ ಹೋಗುತ್ತಿದ್ದ ಹೊಸ ಟೀಚರು. ಆಪಾ ಅಲ್ಲಿ ಹಿರಿಯ ಟೀಚರು; ಅಕ್ಕ ಅನ್ನುವ ಅರ್ಥದಲ್ಲಿ ಎಲ್ಲರೂ ಅವರನ್ನು ಆಪಾ ಅನ್ನುತ್ತಿದ್ದರು. ರೈಲು ತಡವಾದ ದಿನ ನಾನೂ ತಡವೇ. ಅದಕ್ಕೆ ಯಾರೂ ನನಗೆ ಹೊಡೆದದ್ದಿಲ್ಲ.

ಆದರೆ ನಾಲ್ಕನೆಯ ಇಯತ್ತೆಯ ನಾಗಮ್ಮ ಒಂದು ದಿನ ತಡವಾಗಿ ಬಂದಾಗ, ಕಾರಣ ಕೇಳದೆ ಅವಳ ಕೆನ್ನೆಗೆ ಹೊಡೆದೆ. ಮಧ್ಯಾಹ್ನ ತಿಳಿಯಿತು: ಅವಳ ತಾಯಿಗೆ ಚಳಿಜ್ವರ, ಹುಡುಗಿ ತಾನೇ ರೊಟ್ಟಿ ಬಡಿದು, ತಮ್ಮನಿಗೆ ಉಣಿಸಿ ಬಂದಿದ್ದಳು.

ನಾನೇನು ಮಾಡಿದೆ ಅಂತೀರಿ? ಅವಳ ಹತ್ತಿರ ಹೋಗಿ ಒಂದು ಮಾತಾಡಬಹುದಿತ್ತು. ಅದರ ಬದಲು ಊಟ ಬಿಟ್ಟೆ. ಎರಡು ದಿನ ಬರೀ ನೀರು. ಆ ಉಪವಾಸದಲ್ಲಿ ತುಸು ಠೀವಿಯೂ ಇತ್ತು. ನನ್ನಂಥ ಸೂಕ್ಷ್ಮ ಮನಸ್ಸಿನವಳು ಇಡೀ ತಾಲೂಕಿನಲ್ಲಿ ಇನ್ನೊಬ್ಬಳಿಲ್ಲ ಅನ್ನಿಸುತ್ತಿತ್ತು. ಮೂರನೆಯ ದಿನ ಮಗ್ಗಿ ಹೇಳಿಸುತ್ತಿರುವಾಗ ಆ ಸೂಕ್ಷ್ಮ ಮನಸ್ಸು ದೇಹಸಮೇತ ನೆಲಕ್ಕೆ ಬಿತ್ತು.

ಕಣ್ಣು ಬಿಟ್ಟಾಗ ಮಕ್ಕಳು ಅಳುತ್ತಿದ್ದರು. ನಾಗಮ್ಮ ತನ್ನ ಪಾಟಿಯಿಂದ ನನಗೆ ಗಾಳಿ ಬೀಸುತ್ತಿದ್ದಳು. ಆಪಾ ನನ್ನಿಂದ ಎಲ್ಲವನ್ನೂ ಕೇಳಿ, ನಗು ತಡೆದುಕೊಂಡು ಹೇಳಿದರು:

"ನೀ ಉಪಾಸ ಬಿದ್ರ ಅಕಿ ಕೆನ್ನಿ ಉರಿ ಹೋಗ್ತದೇನವ್ವ? ಹುಡುಗೂರಿಗಿ ಅಂಜಿಸಿದಿ, ಅಷ್ಟ. ಅಕಿಗಿ ಹೊಡದದ್ದು ತಪ್ಪು. ಈಗ ನಿನಗ ನೀ ಹೊಡ್ಕೊಳ್ಳಾಕತ್ತೀಯಲ್ಲ, ಅದೂ ತಪ್ಪು. ಮೊದಲ ಅಕಿನ್ನ ಮಾತಾಡ್ಸು, ಆಮ್ಯಾಲ ಬಂದು ಉಣ್ಣು."

ನಾಗಮ್ಮನನ್ನು ಬೇವಿನ ಗಿಡದ ಕೆಳಗೆ ಕೂರಿಸಿಕೊಂಡೆ. ತಪ್ಪಾಯಿತು, ಇನ್ನು ಯಾರಿಗೂ ಕೈ ಎತ್ತುವುದಿಲ್ಲ ಎಂದೆ. ಅವಳು ಕೇಳಿದಳು: "ಅಕ್ಕೋರೆ, ಈಗರೆ ಉಣ್ತೀರಿಲ್ಲ?"

ಉಂಡೆ. ಆಪಾ ಅವರ ಡಬ್ಬಿಯ ರೊಟ್ಟಿ-ಪಲ್ಯವನ್ನು ನಾನೂ ನಾಗಮ್ಮನೂ ಹಂಚಿಕೊಂಡೆವು. ಆಪಾ ತಮ್ಮ ಪಾಲಿನ ರೊಟ್ಟಿಯನ್ನು ಮೊದಲೇ ತೆಗೆದಿಟ್ಟುಕೊಂಡಿದ್ದರು. ಸಂಜೆ ನಾಗಮ್ಮನ ತಾಯಿಯನ್ನೂ ನೋಡಿ ಬಂದೆ.

ಮೊನ್ನೆ ಆಪ್ತ ಗೆಳತಿಯ ಬಸುರಿ ಮಗಳ ಕುಬುಸದ ದಿನವನ್ನೇ ಮರೆತುಬಿಟ್ಟೆ. ಮೊದಲಿನ ನಾನಾಗಿದ್ದರೆ ವಾರಗಟ್ಟಲೆ ಮುಖ ತೋರಿಸುತ್ತಿರಲಿಲ್ಲ. ಈ ಸಲ ಮರುದಿನವೇ ಹೋಗಿ, ಮರೆತೆ, ತಪ್ಪಾಯಿತು ಎಂದೆ. ಗೆಳತಿ ಬೈದಳು, ಬೈಯುತ್ತಲೇ ಎರಡು ಹೋಳಿಗೆ ಬಡಿಸಿದಳು. ಮೂರನೆಯದನ್ನು ನಾನೇ ಕೇಳಿ ಹಾಕಿಸಿಕೊಂಡೆ.