ಐದನೆಯದನ್ನು ಕೇಳಿದವರಿಲ್ಲ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವ ಜನ ಅಲ್ಲ. ನಮ್ಮ ಕಡೆ ಸತ್ತವರ ಪ್ರೇತಕ್ಕೆ ಕುಲೆ ಎನ್ನುತ್ತಾರೆ. ಯಾರಾದರೂ ಕುಲೆಯ ಕತೆ ಸುರು ಮಾಡಿದರೆ, "ನೀವೇ ಕಂಡದ್ದಾ, ಕಂಡವರನ್ನು ಕಂಡದ್ದಾ?" ಎಂದು ಕೇಳಿ ಅವರ ಬಾಯಿ ಮುಚ್ಚಿಸುವುದು ನನ್ನ ಹಳೆಯ ಚಾಳಿ. ಎಷ್ಟೋ ಜನ ಮುಖ ಊದಿಸಿಕೊಂಡು ಎದ್ದು ಹೋದದ್ದುಂಟು. ಈಗ ನಾನೇ ಅಂಥದ್ದೊಂದು ಹೇಳಲು ಕೂತಿದ್ದೇನೆ. ಅದೇ ಪ್ರಶ್ನೆಯನ್ನು ನೀವು ನನಗೆ ಕೇಳಿದರೆ, ಹೌದು, ನಾನೇ ಕಂಡದ್ದು. ಹುಣಸೆಮರದ ಬುಡದಲ್ಲಲ್ಲ, ಕಂಪ್ಯೂಟರಿನ ಪರದೆಯ ಮೇಲೆ, ಹಾಡಹಗಲಲ್ಲಿ.

ಎಂಬತ್ತರ ದಶಕದ ಕೊನೆಯ ಮಾತು. ಸುಳ್ಯದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸ ನನಗೆ ಸಿಕ್ಕಿತ್ತು. ಖಾಯಂ ಅಲ್ಲ. ಲ್ಯಾಬ್ ಎಂದರೆ ಒಂದೇ ಒಂದು ಯಂತ್ರ, ಅದಕ್ಕೆ ತಂತಿ ಎಳೆದು ಜೋಡಿಸಿದ ನಾಲ್ಕು ಪರದೆ, ನಾಲ್ಕು ಕೀಬೋರ್ಡು. ಇಡೀ ಕಾಲೇಜಿನಲ್ಲಿ ಏಸಿ ಇದ್ದ ಕೋಣೆ ಅದೊಂದೇ ಆದ್ದರಿಂದ ಪ್ರಿನ್ಸಿಪಾಲರು ಬಂದ ಅತಿಥಿಗಳನ್ನೆಲ್ಲ ಮೊದಲು ಅಲ್ಲಿಗೇ ಕರೆತರುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕು. ಕೆಲವರು ಯಂತ್ರಕ್ಕೆ ಕೈ ಮುಗಿಯುತ್ತಿದ್ದರು, ನನಗೆ ನಗು ತಡೆಯಲಾಗುತ್ತಿರಲಿಲ್ಲ.

ವಿಶ್ವವಿದ್ಯಾಲಯದವರು ಒಂದು ಸೋಮವಾರ ತಪಾಸಣೆಗೆ ಬರುವವರಿದ್ದರು. ಬೆಳಗಿನಿಂದ ಸಂಜೆಯ ತನಕ ಹುಡುಗರು ತಂಡತಂಡವಾಗಿ ಬಂದು ಪ್ರೊಗ್ರಾಂ ಬರೆಯುವುದನ್ನು ಅವರು ಕೂತು ನೋಡುತ್ತಾರೆ. ಯಂತ್ರ ನಡುವೆ ನಿಂತಿತೋ, ಲ್ಯಾಬಿಗೆ ಮಂಜೂರಾತಿ ಇಲ್ಲ, ನನಗೆ ಕೆಲಸವೂ ಇಲ್ಲ. ಪ್ರಿನ್ಸಿಪಾಲರು ಇದನ್ನು ನನಗೆ ಸುತ್ತಿಬಳಸಿ ಏನೂ ಹೇಳಲಿಲ್ಲ, ನೇರವಾಗಿಯೇ ಹೇಳಿದರು.

ಅದಕ್ಕಾಗಿ ನಾನು ಸಿ ಭಾಷೆಯಲ್ಲಿ ಒಂದು ಪ್ರೊಗ್ರಾಂ ಬರೆದಿದ್ದೆ. ಬೆಳಿಗ್ಗೆ ಒಮ್ಮೆ ಅದನ್ನು ಸುರು ಮಾಡಿದರೆ ಸಂಜೆಯ ತನಕ ಓಡುತ್ತಲೇ ಇರುತ್ತದೆ. ಹುಡುಗರ ಒಂದೊಂದು ತಂಡ ಬಂದಾಗಲೂ ಅದು ಪರದೆಗೊಂದರಂತೆ ನಾಲ್ಕು ಬೇರೆ ಕೆಲಸಗಳನ್ನು ಹುಟ್ಟಿಸಿ ಬಿಡುತ್ತದೆ. ಹೀಗೆ ಹುಟ್ಟಿದ್ದನ್ನು ನಮ್ಮ ಕಸುಬಿನಲ್ಲಿ ಚೈಲ್ಡ್ ಎಂದೇ ಕರೆಯುವುದು, ಹುಟ್ಟಿಸಿದ್ದನ್ನು ಪೇರೆಂಟ್ ಎಂದು. ಹುಟ್ಟಿದ ಪ್ರತಿಯೊಂದಕ್ಕೂ ಯಂತ್ರ ಒಂದು ನಂಬ್ರ ಕೊಡುತ್ತದೆ, ಮೊದಲು ಹುಟ್ಟಿದ್ದಕ್ಕೆ ಮೊದಲಿನ ನಂಬ್ರ. ಕೆಲಸ ಮುಗಿದ ಮಗು ಸತ್ತ ಹಾಗೆ. ಆದರೆ ಸತ್ತ ಕೂಡಲೇ ಅದು ಯಂತ್ರ ಇಟ್ಟುಕೊಂಡ ಪಟ್ಟಿಯಿಂದ ಹೋಗುವುದಿಲ್ಲ. ಹೆತ್ತದ್ದು 'ಎಂತಾಯ್ತು?' ಎಂದು ವಿಚಾರಿಸಬೇಕು. ವಿಚಾರಿಸಿದ ಮೇಲೆಯೇ ಅದರ ಹೆಸರು ಅಳಿಯುವುದು. ಅಲ್ಲಿಯವರೆಗೆ ಜಾಗ ಹಿಡಿದುಕೊಂಡು ಕೂತಿರುತ್ತದೆ.

ಅಪ್ಪನ ಕೆಲಸ ಗೊತ್ತಿದ್ದ ನನಗೆ ಇದು ಸುಲಭವಾಗಿ ಅರ್ಥವಾಗಿತ್ತು. ಅಪ್ಪ ಪುತ್ತೂರು ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟ್. ಬೆಳಿಗ್ಗೆ ಕಾಣಿಯೂರಿಗೆ, ಸುಳ್ಯಕ್ಕೆ, ಸಂಪಾಜೆಗೆ ಬಸ್ಸು ಬಿಡುವುದು, ಸಂಜೆ ಬಿಟ್ಟದ್ದೆಲ್ಲ ತಿರುಗಿ ಬಂತೋ ಎಂದು ನೋಡುವುದು. "ಎಲ್ಲ ಬಂತಾ?" ಎಂದು ಕೇಳಿ, ಬಂತು ಎಂಬ ಉತ್ತರ ಸಿಗದೆ ಅವರು ಮನೆಗೆ ಹೊರಟವರೇ ಅಲ್ಲ. ಒಂದು ಬಸ್ಸು ಘಾಟಿಯಲ್ಲಿ ಕೆಟ್ಟು ನಿಂತರೆ ಅಪ್ಪನ ಊಟ ತಣ್ಣಗಾಗುತ್ತಿತ್ತು.

ತಪಾಸಣೆಯ ಹಿಂದಿನ ಶನಿವಾರ ಪ್ರೊಗ್ರಾಂ ಓಡಿಸಿ ನೋಡಿದೆ. ಒಂದು ಹತ್ತಿಪ್ಪತ್ತು ತಂಡದಷ್ಟು ಕೆಲಸ ಆಗುವಾಗ ಯಂತ್ರ, ಇನ್ನು ಹೊಸತು ಹುಟ್ಟಿಸಲು ಜಾಗ ಇಲ್ಲ ಎಂದು ಕೈಯೆತ್ತಿತು. ಪಟ್ಟಿ ತೆಗೆದು ನೋಡಿದರೆ ಸತ್ತ ಮಕ್ಕಳ ಸಾಲೇ ಸಾಲು. ಪ್ರತಿ ತಂಡಕ್ಕೂ ಒಂದೊಂದು ಉಳಿದಿದೆ. ನಾನು ನಾಲ್ಕು ಹುಟ್ಟಿಸಿದ್ದು, ನಾಲ್ಕನ್ನೂ ವಿಚಾರಿಸಿ ಕಳಿಸಿದ್ದು. ಪಟ್ಟಿಯಲ್ಲಿ ಐದನೆಯದೊಂದು. ಅದರ ನಂಬ್ರ ಯಾವಾಗಲೂ ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ. ಹೆತ್ತದ್ದು ಯಾರೆಂದು ನೋಡಿದರೆ ನನ್ನದೇ ಪ್ರೊಗ್ರಾಂ.

ನಾಲ್ಕು ಸಲ ಹುಟ್ಟಿಸುವ ಲೂಪಿನಲ್ಲಿ ಒಂದು ಸುತ್ತು ಹೆಚ್ಚಾಗಿರಬೇಕು ಎಂದುಕೊಂಡೆ. ಆಗಿರಲಿಲ್ಲ. ಭೌತಶಾಸ್ತ್ರ ಕಲಿಸುತ್ತಿದ್ದ ಇಬ್ರಾಹಿಂ ನನಗಿಂತ ಚೆನ್ನಾಗಿ ಸಿ ಬಲ್ಲವನು. ಅವನನ್ನು ಎಳೆದು ತಂದು ಕೂರಿಸಿದೆ. ಅವನು ಒಂದೊಂದು ಸಾಲಿಗೂ ಬೆರಳಿಟ್ಟು ಓದಿದ.

"ಮಾರಾಯ, ನೀನು ನಾಲ್ಕು ಸಲ ಹುಟ್ಟಿಸ್ಲಿಕ್ಕೆ ಹೇಳಿದ್ದು. ಇದು ಐದು ಹೆತ್ತಿದೆ. ಹೆರಿಗೆ ವಾರ್ಡಿನಲ್ಲಿ ಕೇಳ್ಬೇಕಷ್ಟೆ" ಎಂದ.

"ತಮಾಷೆ ಬೇಡ ಇಬ್ರಾಹಿಂ, ಸೋಮವಾರ ನನ್ನದು ಲಗಾಡಿ ಹೋಗ್ತದೆ."

"ಹಾಗಾದ್ರೆ ಐದನೇ ಸಲವೂ ಕೇಳಿ ನೋಡು. ಯಾರು ಹೆತ್ತದ್ದಾದ್ರೂ ಆಗ್ಲಿ, ಕೇಳಿದ್ರೆ ಹೋಗ್ತದಲ್ಲ?"

ಸರಿಯಾದ ಮಾತು. ನಾಲ್ಕು ಸಲ ವಿಚಾರಿಸುವಲ್ಲಿ ಐದು ಸಲ ವಿಚಾರಿಸುವ ಹಾಗೆ ಬದಲಾಯಿಸಿದೆ. ನಾಲ್ಕರ ಸುದ್ದಿ ಬಂತು. ಐದನೆಯ ಸಲ ಕೇಳಿದ್ದಕ್ಕೆ ಯಂತ್ರದ ಉತ್ತರ, ನಿನಗೆ ಇನ್ನು ಮಕ್ಕಳಿಲ್ಲ. ಪಟ್ಟಿ ತೆಗೆದರೆ ಆ ಐದನೆಯದು ಅಲ್ಲೇ ಕೂತಿದೆ, ನನ್ನ ಪ್ರೊಗ್ರಾಮಿನ ಮಗು ಎಂದೇ ಬರೆದಿದೆ. ಈ ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವೇ ಇಲ್ಲ. ಇಬ್ರಾಹಿಂ ನಗು ನಿಲ್ಲಿಸಿದ. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದೆವು. ಅದೇ ಕತೆ. ಸಂಜೆಯಾಯಿತು, ಅವನು ಕಲ್ಲುಗುಂಡಿಯ ಬಸ್ಸು ಹಿಡಿದ, ನಾನು ಪುತ್ತೂರಿನ ಬಸ್ಸು ಹಿಡಿದೆ.

ಊರಿಗೆ ಹೋಗಲು ನನಗೆ ಮನಸ್ಸೇ ಇರಲಿಲ್ಲ. ಆದರೆ ಅದು ಆಷಾಢದ ಹೊತ್ತಿಗೆ ಬರುವ ಆಟಿ ತಿಂಗಳು, ಮರುದಿನ ಭಾನುವಾರ ನಮ್ಮಲ್ಲಿ ಸತ್ತವರಿಗೆ ಬಡಿಸುವುದು. ಕೋಳಿ ಪದಾರ್ಥ, ರೊಟ್ಟಿ ಮಾಡಿ, ಒಳಗಿನ ಕೋಣೆಯಲ್ಲಿ ಅಜ್ಜ, ಅಜ್ಜಿ, ದೊಡ್ಡಪ್ಪ ಹೀಗೆ ತೀರಿಹೋದ ಒಬ್ಬೊಬ್ಬರಿಗೂ ಒಂದೊಂದು ಬಾಳೆಲೆ ಹಾಕಿ ಬಡಿಸಿ, ದೀಪ ಇಟ್ಟು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರುವುದು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತೆರೆದರೆ ನಮ್ಮ ಊಟ. ನನಗೆ ಇದರಲ್ಲಿ ನಂಬಿಕೆ ಕೋಳಿಯ ಮಟ್ಟಿಗೆ ಮಾತ್ರ. ತಪ್ಪಿಸಿದರೆ ಅಮ್ಮ ಬೇಸರ ಮಾಡಿಕೊಳ್ಳುತ್ತಾರೆಂದು ಹೋದದ್ದು. ಅಣ್ಣ ಆಗ ಮಂಗಳೂರಿನಲ್ಲಿದ್ದ, ತಂಗಿಯರಿಬ್ಬರಿಗೂ ಮದುವೆಯಾಗಿತ್ತು. ಮನೆಯಲ್ಲಿ ಅಪ್ಪ, ಅಮ್ಮ, ನಾನು, ಮೂವರೇ.

ಭಾನುವಾರ ಮಧ್ಯಾಹ್ನ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ಅಪ್ಪ ನನ್ನ ಮುಖ ನೋಡಿದರು. (ಮನೆಯಲ್ಲಿ ನಾವು ಆಡುವುದು ತುಳು, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.)

"ಎಂತ, ಮುಖ ಗಂಟು ಹಾಕಿ ಕೂತಿದ್ದಿ?"

ಹೇಳಿದೆ. ಅಪ್ಪನಿಗೆ ಗೊತ್ತಾಗುವ ಹಾಗೆ ಬಸ್ಸಿನ ಲೆಕ್ಕದಲ್ಲೇ ಹೇಳಿದೆ. ನಾಲ್ಕು ಬಸ್ಸು ಬಿಟ್ಟದ್ದು, ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಹೊರಟ ಐದನೆಯದೊಂದು ರಸ್ತೆಯಲ್ಲಿ ಸತ್ತು ನಿಂತಿದೆ, ಯಾರ ಬಸ್ಸೆಂದು ನೋಡಿದರೆ ನಮ್ಮದೇ, ಕೇಳಿದರೆ ಅಂಥ ಬಸ್ಸೇ ಇಲ್ಲ ಎನ್ನುತ್ತದೆ.

ಅಪ್ಪನಿಗೆ ಸಿಟ್ಟೇ ಬಂತು. "ಅದೆಂಥ ಏಜೆಂಟ್! ಹೋದದ್ದರ ವಿಚಾರ ಅವನೇ ಕೇಳದಿದ್ರೆ ಮತ್ತೆ ಯಾರು ಕೇಳುದು?"

ತುರಿಯುವ ಸದ್ದು ನಿಂತಿತು.

"ಬಸ್ಸಿನ ವಿಚಾರ ಆದ್ರೆ ನೀವು ಕೇಳ್ತೀರಿ" ಎಂದರು ಅಮ್ಮ.

ಅಪ್ಪ ತಿರುಗಿ ನೋಡಿದರು.

"ಕಲ್ಲುಗುಂಡಿಯದ್ದನ್ನು ಇಷ್ಟು ವರ್ಷದಲ್ಲಿ ಒಂದು ಸಲ ಕೇಳಿದ್ದೀರಾ? ಎಂತ ಆಗಿತ್ತು, ಹೇಗೆ ಹೋಯ್ತು, ಎಲ್ಲಿ ಮಣ್ಣು ಮಾಡಿದ್ದು? ಕೇಳಿದ್ದೀರಾ?"

ಅಪ್ಪ ಎದ್ದು ಅಂಗಿ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆಗೆ ನಡೆದರು. ಅವತ್ತು ಅವರಿಗೆ ರಜೆ.

ಕಲ್ಲುಗುಂಡಿ ಅಮ್ಮನ ತವರು. ಅಮ್ಮ ಹೇಳಿ ನನಗೆ ವಿಷಯ ಗೊತ್ತಾದದ್ದೇ ಆಗ. ಅಣ್ಣ ಹುಟ್ಟಿದ ಮೇಲೆ, ನಾನು ಹುಟ್ಟುವ ಮೊದಲು, ಅಮ್ಮ ಹೆರಿಗೆಗೆಂದು ಅಲ್ಲಿಗೆ ಹೋಗಿದ್ದರು. ಮಗು ಮೂರೇ ದಿನ ಬದುಕಿತು. ಹೆಸರಿಟ್ಟಿರಲಿಲ್ಲ. ಅಪ್ಪನಿಗೆ ಡ್ಯೂಟಿ ಬಿಟ್ಟು ಬರಲಾಗಲಿಲ್ಲ, ಸುದ್ದಿಯನ್ನು ಯಾರೋ ಡ್ರೈವರ್ ಹತ್ತಿರ ಹೇಳಿ ಕಳಿಸಿದ್ದು. ಕೆಲವು ದಿನ ಕಳೆದು ಬಂದವರು ಅಮ್ಮನನ್ನೂ ಅಣ್ಣನನ್ನೂ ಬಸ್ಸು ಹತ್ತಿಸಿ ಕರೆತಂದರು. ದಾರಿಯುದ್ದಕ್ಕೂ ಊರಿನ ವರ್ತಮಾನವೆಲ್ಲ ಮಾತಾಡಿದರು, ಅದೊಂದು ಬಿಟ್ಟು. ಅಜ್ಜಿಯೂ, ಗಂಡಸರ ಹತ್ತಿರ ಅದನ್ನೆಲ್ಲ ಎತ್ತಬೇಡ ಎಂದುಬಿಟ್ಟರು. ಅಮ್ಮ ಎತ್ತಲಿಲ್ಲ.

"ಅವರಾಗಿ ಕೇಳಿದ್ರೆ ಹೇಳುವ ಅಂತ ಇದ್ದೆ" ಎಂದರು ಅಮ್ಮ. ಮತ್ತೆ ಸ್ವಲ್ಪ ಹೊತ್ತು ತುರಿದು, "ನಿನ್ನ ಆ ಐದನೆಯದು ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಬರುದು ಅಂದಿಯಲ್ಲ?" ಎಂದು ಕೇಳಿದರು.

"ಹೌದಮ್ಮ."

ನಾವು ಮಕ್ಕಳು ನಾಲ್ವರು ಎಂಬುದು ಆಗ ನನ್ನ ಮಂಡೆಗೆ ಹೊಳೆಯಿತು. ಛೇ, ಪರದೆ ನಾಲ್ಕಿದ್ದದ್ದಕ್ಕೆ ನಾಲ್ಕು ಅಷ್ಟೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಬೆರಳು ಮಡಿಚಿ ಮತ್ತೊಮ್ಮೆ ಎಣಿಸಿದೆ.

ಮುಸ್ಸಂಜೆಗೆ ಅಪ್ಪ ಬಂದರು. ಕೈಕಾಲು ತೊಳೆದು ಒಳಗಿನ ಕೋಣೆಗೆ ಹೋದರು. ಅಮ್ಮ ಎಲೆಗಳನ್ನು ಹಾಕಿ ಬಡಿಸಲು ಸುರು ಮಾಡಿದ್ದರು. ಅಪ್ಪ ಬಾಗಿಲ ಹತ್ತಿರವೇ ನಿಂತರು. ಬಸ್ ಸ್ಟ್ಯಾಂಡಿನಲ್ಲಿ ಕೂಗಿ ಕೂಗಿ ದಪ್ಪವಾಗಿದ್ದ ಆ ಗಂಟಲಿನಿಂದ ಅಷ್ಟು ಸಣ್ಣ ಸ್ವರ ಬಂದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಗಂಡಾ, ಹೆಣ್ಣಾ?"

ಅಮ್ಮ ತಲೆ ಎತ್ತಲಿಲ್ಲ. "ಹೆಣ್ಣು."

ಅಪ್ಪ ಹಿಂದಿನ ಅಂಗಳಕ್ಕೆ ಹೋಗಿ ಇನ್ನೊಂದು ಬಾಳೆಲೆ ಕೊಯ್ದು ತಂದರು. ಅಮ್ಮ, "ಅಷ್ಟು ದೊಡ್ಡದು ಎಂತಕ್ಕೆ, ತುದಿಯ ತುಂಡು ಸಾಕು. ಮೂರು ದಿನದ್ದು, ಅದು ಎಂತ ತಿಂತದೆ?" ಎಂದರು.

"ಈಗಲೂ ಮೂರು ದಿನದ್ದಾ?" ಎಂದರು ಅಪ್ಪ. ನನ್ನ ಕಡೆ ಕೈ ತೋರಿಸಿ, "ಇವನಿಗೆ ಅಕ್ಕ ಅಲ್ವಾ ಅದು?"

ಇಡೀ ಎಲೆಯನ್ನೇ ಹಾಕಿದರು. ರೊಟ್ಟಿ, ಕೋಳಿ, ಎಲ್ಲವನ್ನೂ ತಾವೇ ಬಡಿಸಿದರು. ಬಾಗಿಲು ಮುಚ್ಚಿ ನಾವು ಮೂವರೂ ಜಗಲಿಯಲ್ಲಿ ಕೂತೆವು. ಅಮ್ಮ ಕಲ್ಲುಗುಂಡಿಯ ಆ ಮೂರು ದಿನಗಳನ್ನು ಅಪ್ಪನಿಗೆ ಹೇಳುತ್ತಾ ಹೋದರು. ಅಪ್ಪ ನಡುನಡುವೆ ಒಂದೊಂದು ಪ್ರಶ್ನೆ ಕೇಳುತ್ತಿದ್ದರು. ನನಗೆ ಅಳು ಬಂತು, ಎದ್ದು ಬಾವಿಯ ಹತ್ತಿರ ಹೋಗಿ ನಿಂತೆ.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಸುಳ್ಯಕ್ಕೆ ಹೋದೆ. ಪ್ರೊಗ್ರಾಮಿನ ಒಂದು ಅಕ್ಷರವನ್ನೂ ನಾನು ಬದಲಾಯಿಸಲಿಲ್ಲ. ತಪಾಸಣೆಯವರು ಇನ್ನೂ ಬಂದಿರಲಿಲ್ಲ. ಇಬ್ರಾಹಿಂ ಹಿಂದೆ ನಿಂತು ನೋಡುತ್ತಿದ್ದ. ಓಡಿಸಿದೆ. ಪಟ್ಟಿಯಲ್ಲಿ ಐದು. ನಾಲ್ಕರ ಸುದ್ದಿ ಬಂತು. ಐದನೆಯ ಸಲ ಕೇಳುವಲ್ಲಿ ಈ ಸಲ ಇಲ್ಲ ಎಂಬ ಉತ್ತರ ಬರಲಿಲ್ಲ. ಒಂದು ನಂಬ್ರ ಬಂತು, ಮೊದಲನೆಯದರ ಮತ್ತು ಎರಡನೆಯದರ ನಡುವಿನದ್ದು. ಅದರ ಪಕ್ಕದಲ್ಲಿ ಸೊನ್ನೆ. ನಮ್ಮ ಕಸುಬಿನಲ್ಲಿ ಸೊನ್ನೆ ಎಂದರೆ ಏನೂ ದೂರಿಲ್ಲದೆ ಮುಗಿಯಿತು ಎಂದು ಅರ್ಥ.

ಪಟ್ಟಿ ತೆಗೆದೆ. ಒಂದೂ ಉಳಿದಿರಲಿಲ್ಲ. ಮತ್ತೆ ಓಡಿಸಿದೆ, ನಾಲ್ಕೇ ಹುಟ್ಟಿದವು, ನಾಲ್ಕೇ ಹೋದವು. ದಿನವಿಡೀ ಹಾಗೆಯೇ ಓಡಿತು. ತಪಾಸಣೆಯವರು ಟೀ ಕುಡಿದು, ಏಸಿಯ ಗಾಳಿ ತಿಂದು, ಒಳ್ಳೆಯ ಮಾತಾಡಿ ಹೋದರು. ಲ್ಯಾಬ್ ಉಳಿಯಿತು, ನನ್ನ ಕೆಲಸವೂ ಉಳಿಯಿತು.

ಆಮೇಲೆ ಆ ಪ್ರೊಗ್ರಾಮನ್ನು ಎಷ್ಟೋ ಯಂತ್ರಗಳಲ್ಲಿ ಬರೆದು ಓಡಿಸಿದ್ದೇನೆ. ಐದನೆಯದು ಮತ್ತೆ ಬರಲಿಲ್ಲ. ಯಂತ್ರದಲ್ಲೇ ಏನಾದರೂ ದೋಷ ಇದ್ದಿರಬಹುದು ಎಂದು ಇಬ್ರಾಹಿಂ ಹೇಳುತ್ತಿದ್ದ. ಇರಬಹುದು. ಆದರೆ ಆ ದೋಷ ಭಾನುವಾರ ತಾನಾಗಿ ಹೇಗೆ ಸರಿಯಾಯಿತು ಎಂದರೆ ಅವನು ಮಾತು ಬದಲಿಸುತ್ತಿದ್ದ. ಕುಲೆಯನ್ನು ನಾನು ಈಗಲೂ ನಂಬುವುದಿಲ್ಲ. ಇದನ್ನು ಏನು ಮಾಡಬೇಕೆಂದೂ ಗೊತ್ತಿಲ್ಲ.

ಆ ಸೋಮವಾರ ಸಂಜೆ ಸುದ್ದಿ ಹೇಳಲೆಂದೇ ಮತ್ತೆ ಪುತ್ತೂರಿಗೆ ಬಂದು ಬಸ್ಸಿಳಿದಾಗ ಅಪ್ಪ ಸ್ಟ್ಯಾಂಡಿನಲ್ಲೇ ಇದ್ದರು. ಅವರ ಬಸ್ಸುಗಳೆಲ್ಲ ಬಂದು ಸಾಲಾಗಿ ನಿಂತಿದ್ದವು, ಆದರೂ ಮನೆಗೆ ಹೋಗಿರಲಿಲ್ಲ. ನನ್ನನ್ನು ಕಂಡು ಹತ್ತಿರ ಬಂದರು.

"ಎಲ್ಲ ಬಂತಾ?"

"ಬಂತು ಅಪ್ಪ. ಐದೂ ಬಂತು."

ಅಪ್ಪ ಒಮ್ಮೆ ರಸ್ತೆಯ ಕಡೆ ನೋಡಿದರು. ಮತ್ತೆ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು.

"ಸರಿ, ಹಾಗಾದ್ರೆ ಮನೆಗೆ ಹೋಗುವ."