ಕಸ್ತೂರಿಯ ಎಡಗಿವಿ

ನನ್ನ ತಂಗಿ ಕಸ್ತೂರಿಯ ಎಡಗಿವಿಯಲ್ಲಿ ನಾಲ್ಕು ವರ್ಷದಿಂದ ಗುಂಯ್‌ಗುಡುತ್ತಿರುವ ಸದ್ದಿಗೆ ಕಾರಣ ನಾನು. ಇದು ನನಗೆ ಮೊದಲ ದಿನದಿಂದ ಗೊತ್ತು. ಗೊತ್ತಿದ್ದೂ ಡಾಕ್ಟರ ಮುಂದೆ ಸುಳ್ಳು ಹೇಳಿದೆ — ಅದೂ ಅವಳ ಪಕ್ಕದಲ್ಲೇ ಕೂತು, ಅವಳ ಪರವಾಗಿ.

ಇಳಕಲ್ಲಿನ ನಮ್ಮ ಓಣಿಯಲ್ಲಿ ಕಿವಿಯ ಪಂಡಿತರಿಗೆ ಬರವಿಲ್ಲ. ಒಬ್ಬರು ಉಷ್ಣ ಎಂದರು, ಒಬ್ಬರು ವಾಯು ಎಂದರು, ಇನ್ನೊಬ್ಬರು ಬೆಳ್ಳುಳ್ಳಿ ಎಣ್ಣೆ ಬಿಡು ಎಂದರು. ಎದುರುಮನೆಯ ಅಜ್ಜಿ, ಬಿಕ್ಕಳಿಕೆ ಬಂದರೆ ಯಾರೋ ನೆನೆಯುತ್ತಾರೆ, ಕಿವಿ ಗುಂಯ್ ಎಂದರೆ ಯಾರೋ ಬೈಯುತ್ತಾರೆ ಎಂದು ತೀರ್ಪು ಕೊಟ್ಟು, ಯಾರೊಂದಿಗೆ ಜಗಳವಾಗಿದೆ ಎಂದು ಕಸ್ತೂರಿಯನ್ನೇ ವಿಚಾರಿಸಿದಳು. ನನಗೆ ರೇಗಿಹೋಗುತ್ತಿತ್ತು. ರೇಗಿದವನು ಸುಮ್ಮನಿದ್ದೆನೇ? ಇಲ್ಲ, ನಾನೂ ಒಂದು ಕಾರಣ ಸೇರಿಸುತ್ತಿದ್ದೆ — ಮಗ್ಗದ ಸಪ್ಪಳ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ನಾನು. ಯಾರೂ ಗಮನಿಸಲಿಲ್ಲ, ಅಷ್ಟೇ.

ನಡೆದದ್ದು ಇಷ್ಟು. ನಾವು ನೇಕಾರರು. ಇಳಕಲ್ ಸೀರೆಗೆ ಸೆರಗಿನ ಹಾಸು, ಅಂದರೆ ಉದ್ದಕ್ಕೆ ಹಾಯುವ ಎಳೆಗಳು, ಬೇರೆ; ಒಡಲಿನ ಹಾಸು ಬೇರೆ. ಸೆರಗಿನ ಒಂದೊಂದು ಕೆಂಪು ಎಳೆಯನ್ನೂ ಒಡಲಿನ ಒಂದೊಂದು ಎಳೆಗೆ ಕೊಂಡಿ ಹಾಕಿ ಕೂಡಿಸಬೇಕು. ಸಾವಿರಾರು ಎಳೆ. ಕಣ್ಣು, ಬೆರಳು, ತಾಳ್ಮೆ ಮೂರೂ ಬೇಕು. ನನಗೆ ಮೂರನೆಯದು ಎಂದೂ ಇರಲಿಲ್ಲ. ಕಸ್ತೂರಿ ಮದುವೆಯಾಗಿ ಎರಡು ಓಣಿ ಆಚೆ ಹೋಗಿ, ಅಲ್ಲಿ ತನ್ನದೇ ಮಗ್ಗ ನಡೆಸುತ್ತಿದ್ದರೂ ನನ್ನ ಕೊಂಡಿಗೆ ಅವಳೇ ಬರಬೇಕು.

ಆ ದಿನ ಕೊಂಡಿ ಮುಗಿದಾಗ ಒಡಲಿನ ಒಂದು ಹಿಡಿ ಎಳೆಗಳು ಜೋಡಿಯಿಲ್ಲದೆ ಉಳಿದವು. ಎಲ್ಲೋ ಎರಡೆರಡು ಕೆಂಪು ಎಳೆ ಹಿಡಿದು ಒಂದಕ್ಕೇ ಹಾಕಿದ್ದಾಳೆ ಎಂದುಕೊಂಡೆ. ಕೇಳಲಿಲ್ಲ, ನೋಡಲಿಲ್ಲ — ಕೈ ಬೀಸಿದೆ. ಅಂಗೈ ಪೂರ್ತಿ ಅವಳ ಎಡಗಿವಿಯ ಮೇಲೆ ಬಿತ್ತು. ಅವಳು ಕಿವಿ ಮುಚ್ಚಿಕೊಂಡಳು. ಆಮೇಲೆ, ‘ನನ್ನ ಕೈ ತಪ್ಪೇತಿ ಅಣ್ಣಾ’ ಎಂದು, ಉಳಿದ ಎಳೆಗಳಿಗೆಲ್ಲ ಹೊಸ ಕೆಂಪು ಎಳೆ ಹಾಕಿ, ಕತ್ತಲಾಗುವ ಮೊದಲು ಮುಗಿಸಿ ಹೋದಳು.

ಮೂರು ದಿನದ ಮೇಲೆ ಗೋಡೆಯ ಗೂಡಿನಲ್ಲಿ ಕೆಂಪು ಎಳೆಗಳ ಒಂದು ಕಟ್ಟು ಸಿಕ್ಕಿತು. ನಾನೇ ಎಣಿಸಿ ಕಟ್ಟಿಟ್ಟದ್ದು. ಅವಳಿಗೆ ಕೊಡಲು ಮರೆತದ್ದು. ಅದನ್ನು ಒಲೆಗೆ ಹಾಕಿದೆ.

ಕಿವಿಯ ಸದ್ದು ನಿಲ್ಲಲಿಲ್ಲ. ಅವಳ ಗಂಡ ಬಸ್ ಕಂಡಕ್ಟರ್, ಡ್ಯೂಟಿ ತಪ್ಪಿಸುವಂತಿರಲಿಲ್ಲ. ಬಾಗಲಕೋಟೆಯ ಕಿವಿ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ಪಾಪ, ಒಂದೊಂದೇ ಕೇಳಿದರು. ಗುಗ್ಗೆ ಇತ್ತೇ? ಕೀವು ಸೋರಿತ್ತೇ? ಬಿಪಿ, ಸಕ್ಕರೆ? ನೋವಿನ ಗುಳಿಗೆ ಬಹಳ ನುಂಗುತ್ತಾರೆಯೇ? ಒಂದೂ ಇರಲಿಲ್ಲ. ಕೊನೆಗೆ ಕೇಳಿದರು: ‘ಕಿವಿಗೆ ಯಾವಾಗರ ಪೆಟ್ಟು ಬಿದ್ದಿತ್ತೇನ್ರಿ?’

ಕಸ್ತೂರಿ ನನ್ನ ಕಡೆ ನೋಡಿದಳು. ‘ಇಲ್ರಿ,’ ಎಂದೆ. ‘ಮಗ್ಗದ ಸಪ್ಪಳ ಭಾಳ ಐತ್ರಿ.’

ಅವಳು ತಲೆ ತಗ್ಗಿಸಿದಳು. ಹಾಗಿದ್ದರೆ ಸಪ್ಪಳದಿಂದ ದೂರ ಇರಲಿ ಎಂದರು ಡಾಕ್ಟರು. ಆ ಮಾತನ್ನು ನಾನು ಊರಿಗೆ ಹೊತ್ತು ತಂದೆ. ಅವಳ ಗಂಡ ಹೆದರಿ ಮಗ್ಗ ಬಿಚ್ಚಿಸಿದ. ಅದರ ಕಟ್ಟಿಗೆ ನನ್ನ ಅಟ್ಟ ಸೇರಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೋ, ನೆಲವನ್ನೇ ಅಗೆಸಿ ಹಾಕಿದೆ! ಸಿಟ್ಟು ಬರುತ್ತದೆ — ನನ್ನ ಮೇಲೆ, ಅಷ್ಟು ಸುಲಭಕ್ಕೆ ನನ್ನನ್ನು ನಂಬಿದವರ ಮೇಲೂ.

ಹೋದ ತಿಂಗಳು ಮತ್ತೆ ತೋರಿಸಲು ಹೊರಟೆವು. ಬಸ್ಸಿನಲ್ಲಿ ನಾನು ಯಾವಾಗಲೂ ಅವಳ ಎಡಕ್ಕೇ ಕೂರುತ್ತೇನೆ. ಆ ಕಿವಿ ಈಗ ಮಂದ, ಮಾತು ಬೆಳೆಯುವುದಿಲ್ಲ. ಅಮೀನಗಡದಲ್ಲಿ ಬಸ್ಸು ನಿಂತು, ಜನ ಕರದಂಟು ತರಲು ಇಳಿದಾಗ ಇಂಜಿನ್ ಬಂದ್ ಆಯಿತು. ಅವಳು ಕಿವಿ ಒತ್ತಿಕೊಂಡು ಹೇಳಿದಳು: ‘ಮಗ್ಗ ಇದ್ದಾಗರ ಈ ಗುಂಯ್ ಮುಚ್ಚಿಹೋಗ್ತಿತ್ತು. ಈಗ ಮನ್ಯಾಗ ಅದೊಂದ ಕೇಳಸ್ತೈತಿ ಅಣ್ಣಾ.’

ಆಗ ತಡೆಯಲಾಗಲಿಲ್ಲ. ಅವಳ ಕಿವಿಯ ಹತ್ತಿರ ಬಾಗಿ, ನಾ ಹೊಡೆದದ್ದರಿಂದಲೇ ಇದು ಆಗಿದೆ, ಈ ಸಲ ಡಾಕ್ಟರಿಗೆ ಹೇಳುತ್ತೇನೆ ಎಂದೆ.

ಅವಳಿಗೆ ಆಶ್ಚರ್ಯವಾಗಲಿಲ್ಲ. ‘ನನಗ ಗೊತ್ತಿಲ್ಲೇನು? ಹೇಳಬ್ಯಾಡ, ನಿನ್ನ ಮರ್ಯಾದಿ ಹೋಗ್ತೈತಿ. ನನ್ನ ಕೈ ತಪ್ಪಿತ್ತು, ನೀ ಹೊಡದಿ. ಮುಗೀತಲ್ಲ.’

ಮುಗಿಯಲಿಲ್ಲ. ಅವಳು ನಾಲ್ಕು ವರ್ಷ ಬಾಯಿ ಬಿಡದಿದ್ದುದು ನನಗೆ ಹೆದರಿ ಅಲ್ಲ. ಮಾಡದ ತಪ್ಪಿನ ನಾಚಿಕೆಯಿಂದ. ಊರಿಗೇ ಹೆಸರಾದ ತನ್ನ ಕೈಯನ್ನು ಅವಳೇ ನಂಬದ ಹಾಗೆ ಮಾಡಿಟ್ಟಿದ್ದೇನೆ. ಗೂಡಿನಲ್ಲಿ ಸಿಕ್ಕ ಕಟ್ಟಿನ ಮಾತನ್ನು ಮಾತ್ರ ಆಗಲೂ ಬಚ್ಚಿಟ್ಟೆ, ಬಸ್ಸು ಹೊರಟಿತು. ಡಾಕ್ಟರ ಹತ್ತಿರ ಪೆಟ್ಟಿನ ವಿಷಯವನ್ನಷ್ಟೇ ಹೇಳಿದೆ. ಅವರು ಬರೆದುಕೊಂಡರು, ನನ್ನನ್ನು ಒಮ್ಮೆ ನೋಡಿದರು. ಕಿವಿಯ ಪರದೆಗೆ ಆಗಿದ್ದ ಗಾಯ ಮಾಯ್ದಿದೆ, ಒಳಗಿನ ಸದ್ದು ಪೂರ್ತಿ ಹೋಗುತ್ತದೆ ಎಂದು ಹೇಳಲಾಗದು, ಕೈಮಗ್ಗದ ಸಪ್ಪಳಕ್ಕೆ ಹೆದರಬೇಕಾಗಿಲ್ಲ ಎಂದರು.

ಇವತ್ತು ಅಟ್ಟದಿಂದ ಅವಳ ಮಗ್ಗದ ಕಟ್ಟಿಗೆ ಇಳಿಸಿದ್ದೇನೆ. ಸಂಜೆ ಗಾಡಿಯಲ್ಲಿ ಹಾಕಿಕೊಂಡು ಹೋಗಿ ಅವಳ ಮನೆಯಲ್ಲಿ ಜೋಡಿಸಬೇಕು. ಕೊಂಡಿಗೆ ನನ್ನ ಕೈ ಬೇಡ, ಮತ್ತೆ ತಪ್ಪೀತು ಎಂದು ಅವಳು ಹೇಳಿಯೇ ಹೇಳುತ್ತಾಳೆ. ಆಗ ಅವಳ ಬಲಕ್ಕೆ ಕೂರುತ್ತೇನೆ, ಚೆನ್ನಾಗಿ ಕೇಳಿಸುವ ಕಿವಿಯ ಕಡೆ. ‘ಕಸ್ತೂರಿ, ನಿನ್ನ ಕೈ ತಪ್ಪಿರಲಿಲ್ಲ’ ಎನ್ನುತ್ತೇನೆ.